ಲಾರಿ ಅಕ್ಕನ ಕೊನೆಯ ಚಿತ್ರ

ಸಿಡುಕಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರು ಆಡಿಕೊಳ್ಳುವುದು ಪೂರ್ತಿ ನಿಜವಲ್ಲ. ಮೂಗಿನ ತುದಿಯವರೆಗೆ ಬರುವಷ್ಟು ತಾಳ್ಮೆ ಅವನ ಕೋಪಕ್ಕೆಲ್ಲಿದೆ? ಅದು ಎದ್ದಲ್ಲೇ ಬಾಯಿಗೆ ಬಂದುಬಿಡುತ್ತದೆ. ಆದರೆ ಬಾಯಿ ಎಷ್ಟೇ ಉರಿಯಲಿ, ಕೈ ಮಾತ್ರ ಬೆಣ್ಣೆ. ಹಾಗಾಗಿ ಅವನ ಕಟಿಂಗ್ ಶಾಪಿಗೆ ಬರುವವರು ಬೈಸಿಕೊಂಡಾದರೂ ಅವನ ಕುರ್ಚಿಯಲ್ಲೇ ಕೂರುತ್ತಾರೆ. ಪಕ್ಕದ ಕುರ್ಚಿಯಲ್ಲಿ ಅವನ ಭಾಮೈದ, ಅಂದರೆ ಹೆಂಡತಿಯ ತಮ್ಮ, ಬಾಚಣಿಗೆ ಹಿಡಿದು ಬಾ ಬಾ ಎಂದು ಕರೆದರೂ ಕಾಯುತ್ತಾರೆ.

ಕಾಯುವವರಿಗೆಂದೇ ಬೆಂಚಿನ ಪಕ್ಕದ ಗೂಡಿನಲ್ಲಿ ಕಾಮಿಕ್ಸು ಇಟ್ಟಿದ್ದ. ಎಲ್ಲ ಒಂದೇ ಮಾಲಿಕೆಯವು, ‘ಲಾರಿ ಅಕ್ಕ’. ಸಿಡುಕಣ್ಣ ಕೆಲಸ ಕಲಿಯುವ ಕಾಲದಲ್ಲಿ ಬರುತ್ತಿದ್ದ ಪುಸ್ತಕಗಳು. ಅಗ್ಗದ ಕಾಗದ, ಕಪ್ಪು ಕೆಂಪು ಎರಡೇ ಬಣ್ಣ. ಆ ಕೆಂಪೋ, ಗೆರೆಯೊಳಗೆ ಕೂತದ್ದೇ ಇಲ್ಲ. ಅಕ್ಕನ ತುಟಿಗೆ ಬಳಿಯಬೇಕಾದ್ದು ಗಲ್ಲದ ಮೇಲಿರುತ್ತಿತ್ತು. ಅಕ್ಕ ಒಂದೊಂದು ಪುಸ್ತಕದಲ್ಲಿ ಒಂದೊಂದು ಲೋಡು ಹೊತ್ತು ಹೊರಡುತ್ತಾಳೆ. ಒಮ್ಮೆ ಮಂಜುಗಡ್ಡೆ, ಒಮ್ಮೆ ಶಾಲೆಯ ಬೆಂಚು, ಒಮ್ಮೆ ಯಾರದೋ ಮನೆಯ ಪೂರ್ತಿ ಸಾಮಾನು. ದಾರಿಯಲ್ಲಿ ಏನೋ ಒಂದು ಕೆಡುತ್ತದೆ. ಅವಳು ಹಾರುವುದಿಲ್ಲ, ಗುದ್ದುವುದಿಲ್ಲ. ಹಗ್ಗ, ಜಾಕು ಮತ್ತು ತನ್ನ ತಲೆ ಇಷ್ಟರಲ್ಲೇ ದಾರಿ ಮಾಡಿಕೊಳ್ಳುತ್ತಾಳೆ. ಒಂದು ಕಡೆ ಮೂರು ಚಿತ್ರಗಳಲ್ಲಿ ಒಂದೂ ಮಾತಿಲ್ಲ. ಅಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದು ಕೇಳುತ್ತಾಳೆ, ಅಷ್ಟೇ. ಕತ್ತರಿ ಎತ್ತುವ ಮೊದಲು ಗಿರಾಕಿಯ ನೆತ್ತಿಯ ಮೇಲೊಮ್ಮೆ ಅಂಗೈ ಇಡುವುದನ್ನು ಸಿಡುಕಣ್ಣ ಕಲಿತದ್ದು ಆ ಪುಟದಿಂದ, ಗುರುವಿನಿಂದಲ್ಲ.

ಇಂಥದ್ದನ್ನು ಯಾರೂ ಮೂಸಿ ನೋಡಲಿಲ್ಲ ಎಂಬುದೇ ಅವನ ಉರಿ. ಗ್ರಂಥಾಲಯಕ್ಕೆ ಕೊಡಲು ಹೋದರೆ, ಇವೆಲ್ಲ ಪುಸ್ತಕದ ಲೆಕ್ಕಕ್ಕೆ ಬರುವುದಿಲ್ಲ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದರು. ಎದುರಿನ ಪುಸ್ತಕದಂಗಡಿಯ ಗಾಜಿನ ಹಿಂದೆ ಹೆಗಲಿಗೆ ಬಟ್ಟೆ ಕಟ್ಟಿಕೊಂಡು ಹಾರುವ ಹೊರದೇಶದ ವೀರರೆಲ್ಲ ಹೊಳೆಯುವ ರಟ್ಟಿನಲ್ಲಿ ನಿಂತಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಅಲ್ಲವೇ?

ಸಿಡುಕಣ್ಣನಿಗೆ ಆ ಮಾಲಿಕೆಯ ಮೇಲೂ ಒಂದು ಸಿಟ್ಟಿತ್ತು. ಕೊನೆಯ ಪುಸ್ತಕದ ಕೊನೆಯ ಚಿತ್ರದಲ್ಲಿ, ಪುಟದ ಮೂಲೆಯ ಎರಡು ಬೆರಳಗಲದ ಚೌಕದಲ್ಲಿ, ಅಕ್ಕ ಲಾರಿ ಮಾರಿ, ಒಲೆಯ ಮುಂದೆ ಸೌಟು ಹಿಡಿದು ನಗುತ್ತ ನಿಂತಿದ್ದಳು. ಅದನ್ನು ಕಂಡಾಗಲೆಲ್ಲ ಅವನ ಮೈ ಉರಿಯುತ್ತಿತ್ತು. ಪುಸ್ತಕದ ಮೇಲೆ ಬರೆದವರ ಹೆಸರಿಲ್ಲ. ಯಾವನೋ ಪುಣ್ಯಾತ್ಮ ಕಡೇ ಗಳಿಗೆಯಲ್ಲಿ ಕೈಕೊಟ್ಟ ಎಂದು ಎಷ್ಟೋ ವರ್ಷ ಬೈದಿದ್ದ.

ಆ ಪುಣ್ಯಾತ್ಮ ಒಬ್ಬ ಹೆಂಗಸು ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ. ಹಿಂದೆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮುದುಕನೊಬ್ಬ ತಲೆ ಕೊಟ್ಟು ಕೂತಿದ್ದಾಗ ಗೂಡಿನತ್ತ ನೋಡಿ, ಇದನ್ನು ಬರೆದವಳು ಪಕ್ಕದೂರಲ್ಲೇ ಇದ್ದಾಳಲ್ಲ ಎಂದ. ಕೊನೆಯ ಪುಟಗಳನ್ನು ಕೊಟ್ಟ ದಿನವೇ ಪ್ರೆಸ್ಸಿನ ಯಜಮಾನನ ಜೊತೆ ಜಗಳವಾಡಿ ಹೊರಬಿದ್ದವಳಂತೆ. ಪುಸ್ತಕ ಅಚ್ಚಾಯಿತು, ಹಿಂದೆಯೇ ಪ್ರೆಸ್ಸೂ ಮುಚ್ಚಿತು. ಅಚ್ಚಾದ ಆ ಕೊನೆಯ ಪುಸ್ತಕವನ್ನು ಅವಳು ಕಣ್ಣಲ್ಲಿ ಕಂಡೇ ಇಲ್ಲ, ಎಲ್ಲೂ ಸಿಗಲೂ ಇಲ್ಲ. ನನ್ನ ಹತ್ತಿರ ಇದೆ, ಬಂದು ನೋಡಲಿ ಎಂದು ಸಿಡುಕಣ್ಣ ಅವನ ಕೈಯಲ್ಲೇ ಹೇಳಿ ಕಳಿಸಿದ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಎಂದು ಉತ್ತರ ಬಂತು.

ಭಾನುವಾರ ಬೆಳಿಗ್ಗೆ ಆ ಪುಸ್ತಕವನ್ನು ಗೂಡಿನಿಂದ ತೆಗೆದು, ಧೂಳು ಹೊಡೆದು, ಸಡಿಲವಾಗಿದ್ದ ಹೊದಿಕೆಯನ್ನು ಅಂಟಿಸಲೆಂದು ಬೇರೆ ಮಾಡಿ, ಪುಸ್ತಕವನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟ. ಬರುವ ಅಮ್ಮನನ್ನು ಗಿರಾಕಿಗಳ ಬೆಂಚಿನ ಮೇಲೆ ಕೂರಿಸುವುದೇ ಎಂದುಕೊಂಡು ಪಕ್ಕದ ಟೈಲರ್ ಹತ್ತಿರ ಒಂದು ಒಳ್ಳೆಯ ಕುರ್ಚಿ ಕೇಳಲು ಹೋದ. ಟೈಲರ್ ಕುರ್ಚಿಯ ಜೊತೆ ಟೀ ಕೊಟ್ಟ, ಟೀಯ ಜೊತೆ ತನ್ನ ಮನೆಯ ರಾಮಾಯಣವನ್ನೂ ಕೊಟ್ಟ. ವಾಪಸು ಬರುವ ಹೊತ್ತಿಗೆ ಅಂಗಡಿ ತುಂಬಿತ್ತು. ಅವನ ಕುರ್ಚಿಯಲ್ಲಿ ಎದುರಿನ ಪುಸ್ತಕದಂಗಡಿಯವನು ಕಾಲು ಚಾಚಿ ಕೂತಿದ್ದ.

ಸೋಪು ಹಚ್ಚುತ್ತ ಸಿಡುಕಣ್ಣ ಖುಷಿ ತಡೆಯಲಾರದೆ, ಲಾರಿ ಅಕ್ಕನನ್ನು ಬರೆದವರು ಇವತ್ತು ನನ್ನ ಅಂಗಡಿಗೆ ಬರುತ್ತಿದ್ದಾರೆ ಎಂದುಬಿಟ್ಟ. ಪುಸ್ತಕದಂಗಡಿಯವನು ನಕ್ಕುಬಿಟ್ಟ.

“ಆ ರದ್ದಿ ಬರೆದವರು ಇನ್ನೂ ಇದ್ದಾರಾ? ಹೆಂಗಸು ಲಾರಿ ಓಡಿಸೋ ಕತೆ. ಮಕ್ಕಳೂ ಓದಲಿಲ್ಲವಲ್ಲೋ ಅದನ್ನ.”

ಪಿತ್ತ ನೆತ್ತಿಗೇರಿತು. ಗೋಡೆಯ ಮೊಳೆಗೆ ಚುಚ್ಚಿದ್ದ ಕಾಗದದ ಚೂರುಗಳಲ್ಲಿ ಒಂದನ್ನು ಎಳೆದು ಅವನ ಹೆಗಲ ಮೇಲೆ ಹಾಕಿ, ಸಿಡುಕಣ್ಣ ಕತ್ತಿ ಆಡಿಸತೊಡಗಿದ. ಕ್ಷೌರದಂಗಡಿಯಲ್ಲಿ ಕಾಗದದ ಚೂರು ಇರುವುದೇ ಇದಕ್ಕೆ. ಕೆನ್ನೆಯಿಂದ ಎತ್ತಿದ ನೊರೆಯನ್ನು ಅದರ ಮೇಲೆ ಒರೆಸಬೇಕು, ಚೂರು ತುಂಬಿದರೆ ಬುಟ್ಟಿಗೆ ಎಸೆದು ಇನ್ನೊಂದು ಎಳೆಯಬೇಕು. ಕಣ್ಣು ಕತ್ತಿಯ ಮೇಲಿರಬೇಕು, ಕಾಗದದ ಮೇಲಲ್ಲ. ಒರೆಸುತ್ತ ಒರೆಸುತ್ತ ಸಿಡುಕಣ್ಣ ಹೇಳಿದ್ದೇ ಹೇಳಿದ್ದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದ. ಹೊಳೆಯುವ ರಟ್ಟು ಕಂಡರೆ ಬಾಯಿ ಬಿಡುವ ನಿಮ್ಮಂಥವರಿಂದಲೇ ಒಳ್ಳೆಯದೆಲ್ಲ ಕಸದ ಬುಟ್ಟಿ ಸೇರಿದ್ದು ಎಂದ. ಹಾಗೆನ್ನುತ್ತಲೇ ನೊರೆ ತುಂಬಿದ ಚೂರನ್ನು ಬುಟ್ಟಿಗೆ ಎಸೆದ. ಇನ್ನೊಂದು ಎಳೆದ. ಆ ಮನುಷ್ಯ ಮತ್ತೆ ನಕ್ಕಾಗ ಬೆಣ್ಣೆಯಂಥ ಕೈ ಮೊದಲ ಸಲ ಜಾರಿತು. ಕೆನ್ನೆಯ ಮೇಲೆ ರಕ್ತದ ಹನಿ ಕಾಣಿಸಿತು. ಮೊಳೆಯ ಮೇಲಿದ್ದ ಚೂರಿನ ಮೂಲೆಯನ್ನು ಎರಡು ಬೆರಳಗಲ ಹರಿದು ಗಾಯಕ್ಕೆ ಅಂಟಿಸಿದ. ಕೆಲಸ ಕಲಿತವರೆಲ್ಲ ಮಾಡುವುದು ಅದನ್ನೇ. ಪುಸ್ತಕದಂಗಡಿಯವನು ಕೆನ್ನೆಯ ಮೇಲೆ ಕಾಗದ ಅಂಟಿಸಿಕೊಂಡು, ಗೊಣಗುತ್ತ ಎದ್ದುಹೋದ.

ಹೆಗಲಿನಿಂದ ಜಾರಿ ಕುರ್ಚಿಯ ಕೈ ಮೇಲೆ ಬಿದ್ದಿದ್ದ ಚೂರನ್ನು ಸಿಡುಕಣ್ಣ ಎತ್ತಿದ್ದು ಆಗ. ನೊರೆಯ ನಡುವೆ ಒಂದು ಮುಖವಿತ್ತು. ತುಟಿಯ ಕೆಂಪು ಗಲ್ಲದ ಮೇಲಿತ್ತು.

ಕನ್ನಡಿಯ ಕೆಳಗೆ ನೋಡಿದ, ಹಲಗೆ ಖಾಲಿ. ಮೊಳೆಯತ್ತ ನೋಡಿದ, ಕಾಲುಭಾಗ ಮಾಡಿ ಕತ್ತರಿಸಿದ ಪುಟಗಳು ನೀಟಾಗಿ ನೇತಾಡುತ್ತಿದ್ದವು. ಆಮೇಲೆ ಅವನು ಭಾಮೈದನ ಕಡೆ ತಿರುಗಿ ಕೂಗಿದ ಕೂಗಿಗೆ ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು, ಸಂಜೆ ಬರ್ತೀವಿ ಎಂದು ಜಾಗ ಖಾಲಿ ಮಾಡಿದರು. ಅನ್ನ ತಿನ್ನುತ್ತೀಯಾ, ಕಣ್ಣಿದೆಯಾ, ನಿನ್ನನ್ನು ನನ್ನ ತಲೆಗೆ ಕಟ್ಟಿದ ನಿಮ್ಮಕ್ಕನಿಗೆ ಬುದ್ಧಿಯಿದೆಯಾ, ಎಲ್ಲ ಬಂತು. ಭಾಮೈದ ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

“ಚೂರು ಮುಗಿದುಹೋಗಿತ್ತು ಭಾವ. ಕನ್ನಡಿ ಕೆಳಗಿಟ್ಟ ಕಾಗದ ಕತ್ತರಿಸೋಕೆ, ನನ್ನ ಕೇಳ್ಕೊಂಡು ನಿಲ್ಲಬೇಡ ಅಂತ ಹೇಳಿದ್ದು ಯಾರು?”

ಹೇಳಿದ್ದು ಸಿಡುಕಣ್ಣನೇ. ಭಾಮೈದ ಕೆಲಸಕ್ಕೆ ಸೇರಿದ ದಿನವೇ, ಇದೇ ದನಿಯಲ್ಲಿ ಹೇಳಿದ್ದ. ಕೋಪಕ್ಕೆ ಹೋಗಲು ಇನ್ನು ಜಾಗವೇ ಉಳಿಯಲಿಲ್ಲ. ಇಟ್ಟವನು ತಾನು, ಒರೆಸಿದವನು ತಾನು, ರದ್ದಿ ಎಂದವನನ್ನು ಬೈಯುತ್ತಲೇ ಅಕ್ಕನ ಮುಖಕ್ಕೆ ಕತ್ತಿ ಒರೆಸಿದವನೂ ತಾನೇ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಗಿರಾಕಿಗಳಿಗೆ ತಮಾಷೆಗೆ ಹೇಳುತ್ತಿದ್ದ ಗಾದೆ ಈಗ ತನಗೇ ತಗುಲಿಕೊಂಡಿತ್ತು.

ಬುಟ್ಟಿ ಬೋರಲು ಹಾಕಿದ. ಕೂದಲು, ನೊರೆ, ಚೂರುಗಳು ಎಲ್ಲ ಒಂದಾಗಿದ್ದವು. ಒಂದೊಂದನ್ನೇ ಬಿಡಿಸಿ ಮಗ್ಗಿನ ನೀರಿನಲ್ಲಿ ಅದ್ದಿ, ಕೂದಲು ತೆಗೆದು, ಎಲ್ಲಿ ಹರಡುವುದೆಂದು ಸುತ್ತ ನೋಡಿದ. ಒದ್ದೆ ಕಾಗದವನ್ನು ಕನ್ನಡಿಗೆ ಒತ್ತಿದರೆ ಅಂಟಿಕೊಂಡಿತು. ಭಾಮೈದ ಮೊಳೆಯಿಂದ ಉಳಿದ ಚೂರುಗಳನ್ನು ತಂದ. ಯಾವ ಚೂರು ಎಲ್ಲಿ ಕೂರಬೇಕೆಂದು ಸಿಡುಕಣ್ಣ ಹೇಳುತ್ತಿದ್ದ, ಭಾಮೈದ ಅಂಟಿಸುತ್ತಿದ್ದ.

“ಭಾವ, ಲಾರಿ ಸೇತುವೆ ಮಧ್ಯ ಸಿಕ್ಕಾಕ್ಕೊಂಡಿದೆ. ಆಮೇಲೆ ಹೆಂಗೆ ದಾಟ್ತಾಳೆ?” ಎಂದು ಕೇಳಿದ ಭಾಮೈದ.

“ಈಗ ಕೇಳು,” ಎಂದ ಸಿಡುಕಣ್ಣ. “ಇಷ್ಟು ವರ್ಷ ಪಕ್ಕದಲ್ಲೇ ಇತ್ತು, ಆಗ ಕೇಳಬೇಡ.”

ಕಡೆಯ ಪುಟದ ಬಲಮೂಲೆ ಮಾತ್ರ ಸಿಗಲಿಲ್ಲ. ಅದು ಎಲ್ಲಿ ಹೋಯಿತೆಂದು ಹೊಳೆದಾಗ ಸಿಡುಕಣ್ಣ ಬರಿಗಾಲಲ್ಲೇ ರಸ್ತೆ ದಾಟಿ ಓಡಿದ. ಪುಸ್ತಕದಂಗಡಿಯವನ ಕೆನ್ನೆ ನುಣ್ಣಗಿತ್ತು. ಕಾಗದದ ಚೂರೇ, ಮುಖ ತೊಳೆದೆನಲ್ಲ, ಬೇಕಾದರೆ ಚರಂಡಿಯಲ್ಲಿ ನೋಡಿಕೋ ಎಂದ. ಸಿಡುಕಣ್ಣ ಬಗ್ಗಿ ನಿಜವಾಗಿಯೂ ನೋಡಿದ. ಕಪ್ಪು ನೀರು ಹರಿಯುತ್ತಿತ್ತು.

ಕತೆ ಬರೆದ ಅಮ್ಮ ಬಂದಾಗ ಅವನು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದ. ಮೈ ಸಣ್ಣದು, ಕನ್ನಡಕ ದಪ್ಪ, ದನಿ ಮಾತ್ರ ಜೋರು. ಟೈಲರ್ ಕುರ್ಚಿಯತ್ತ ಕಣ್ಣೂ ಹಾಯಿಸದೆ, ಎಲ್ಲಿದೆ ಕೊಡು ಎಂದಳು. ಇಲಿ ಕಡಿಯಿತು ಎನ್ನೋಣವೇ, ಮಕ್ಕಳು ಹರಿದವು ಎನ್ನೋಣವೇ ಎಂದು ಲೆಕ್ಕ ಹಾಕಿಟ್ಟಿದ್ದ ಸಿಡುಕಣ್ಣನಿಗೆ ಅವಳ ಮುಖ ನೋಡಿದ ಮೇಲೆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೈಯಿರಿ ಎಂದು ತಲೆ ತಗ್ಗಿಸಿದ.

ಅವಳು ಬೈಯಲಿಲ್ಲ. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮೇಲಿನ ಸಾಲಿನಿಂದ ಓದುತ್ತ ಬಂದಳು. ಕೆಲವು ಚೂರುಗಳಲ್ಲಿ ಶಾಯಿ ಕದಡಿತ್ತು, ಕೆಲವನ್ನು ಕತ್ತಿ ಸೀಳಿತ್ತು. ಓದಿ ಓದಿ ಬಲಮೂಲೆಯ ಖಾಲಿ ಗಾಜಿನ ಮುಂದೆ ನಿಂತಳು.

“ಕೊನೇ ಚಿತ್ರ?”

“ಅದೊಂದು ಹೋಯ್ತಮ್ಮ. ಗಿರಾಕಿ ಕೆನ್ನೆಗೆ ಅಂಟಿಸಿಬಿಟ್ಟೆ.”

“ಏನಿತ್ತು ಅದರಲ್ಲಿ?”

ತಪ್ಪು ಮಾಡಿ ನಿಂತಿದ್ದರೂ, ಹಳೆಯ ಸಿಟ್ಟು ಸಿಡುಕಣ್ಣನ ಗಂಟಲಿಗೆ ಬಂದೇಬಂತು. ಒಲೆ ಮುಂದೆ ಸೌಟು ಹಿಡಿದು ನಗುತ್ತಿದ್ದಳು, ಲಾರಿ ಮಾರಿದ್ದಳು ಎಂದ. ನೀವು ಅವಳಿಗೆ ಹಾಗೆ ಮಾಡಬಾರದಿತ್ತು ಎಂದೂ ಸೇರಿಸಿದ.

ಅಮ್ಮ ತಿರುಗಿದಳು. ಆ ಮುಖ ನೋಡಿ, ಜಗತ್ತಿನಲ್ಲಿ ತನಗಿಂತ ದೊಡ್ಡ ಸಿಡುಕರೂ ಇದ್ದಾರೆಂದು ಸಿಡುಕಣ್ಣನಿಗೆ ಗೊತ್ತಾಯಿತು.

“ಸೌಟಾ? ನಾನು ಬರೆದ ಲಾರಿ ಅಕ್ಕನ ಕೈಯಲ್ಲಿ ಸೌಟಾ? ಅವಳನ್ನ ಮನೆ ಸೇರಿಸು ಅಂದ ಆ ಯಜಮಾನ, ಆಗಲ್ಲ ಅಂದೆ. ಅದಕ್ಕೇ ಜಗಳ ಆಗಿದ್ದು. ನಾನು ಹೊರಗೆ ಬಂದ ಮೇಲೆ ಬೇರೆ ಯಾರ ಕೈಲೋ ಬರೆಸಿ ಅಂಟಿಸಿದ್ದಾನೆ ಮನೆಹಾಳ.” ಅವಳು ಖಾಲಿ ಮೂಲೆಯನ್ನು ಬೆರಳಿನಿಂದ ಕುಟ್ಟಿದಳು. “ಓದಿದವರೆಲ್ಲ ಇಷ್ಟು ವರ್ಷ ನಾನೇ ಸೋತೆ ಅಂದ್ಕೊಂಡಿದ್ದಾರೆ. ನೀನೂ ಹಾಗೇ ಅಂದ್ಕೊಂಡೆ, ಅಲ್ಲವಾ?”

“ಹೌದಮ್ಮ. ಬೈದೂ ಇದ್ದೀನಿ.”

ಅವಳು ಮತ್ತೆ ಕನ್ನಡಿಯ ಕಡೆ ತಿರುಗಿದಳು. ಸಿಡುಕಣ್ಣನಿಗೆ ಗೂಡಿನಲ್ಲಿದ್ದ ಎಲ್ಲ ಪುಸ್ತಕಗಳೂ ತನ್ನನ್ನೇ ಉಗಿಯುತ್ತಿವೆ ಎನ್ನಿಸಿತು.

“ಅದು ಚರಂಡಿ ಸೇರಿದ್ದು ಒಳ್ಳೇದೇ ಆಯ್ತು,” ಎಂದಳು ಕಡೆಗೆ. “ಕೂದಲಿಗೆ ಕಪ್ಪು ಹಚ್ತೀಯಲ್ಲ, ಆ ಬ್ರಶ್ ಕೊಡು ಇಲ್ಲಿ.”

ಭಾಮೈದ ಬಟ್ಟಲಲ್ಲಿ ಹೇರ್ ಡೈ ಕಲಸಿ ತಂದ. ಅವಳು ಬ್ರಶ್ಶು ಅದ್ದಿ ಗಾಜಿಗೆ ಇಟ್ಟಳು. ಖಾಲಿ ಮೂಲೆಯಲ್ಲಿ ಮೊದಲು ರಸ್ತೆ ಬಂತು, ಆಮೇಲೆ ಲಾರಿಯ ಹಿಂಭಾಗ, ಕಿಟಕಿಯಾಚೆ ಚಾಚಿದ ಒಂದು ಮೊಣಕೈ. ಮುಖವಿಲ್ಲ. ಅಕ್ಕ ಹಿಂತಿರುಗಿ ನೋಡುತ್ತಿರಲಿಲ್ಲ. ಗಾಯಕ್ಕೆ ಹಚ್ಚುವ ಕೆಂಪು ಔಷಧಿಯಲ್ಲಿ ಬೆರಳು ಅದ್ದಿ ಹಿಂದಿನ ದೀಪಕ್ಕೆ ಒತ್ತಿದಳು, ಗೆರೆಯೊಳಗೇ ಕೂರುವ ಹಾಗೆ. ಕೆಳಗೆ ತನ್ನ ಹೆಸರು ಬರೆದಳು. ಯಾವ ಪುಸ್ತಕದ ಮೇಲೂ ಬಾರದ ಹೆಸರನ್ನು ಅಪ್ಪನ ಹೆಸರಿನ ಸಮೇತ ಪೂರ್ತಿ ಬರೆದಳು. ಗೂಡಿನಲ್ಲಿದ್ದ ಉಳಿದ ಪುಸ್ತಕಗಳನ್ನು ಒಯ್ಯಿರಿ ಎಂದು ಸಿಡುಕಣ್ಣ ಕೇಳಿಕೊಂಡರೆ, ಬೇಡ, ಇಲ್ಲೇ ಇರಲಿ, ಕನ್ನಡಿ ಕೆಳಗೆ ಮಾತ್ರ ಇಡಬೇಡ ಎಂದು ಬಸ್ಸಿಗೆ ಹೊರಟಳು.

ಕಾಗದ ಒಣಗಿ ಗಾಜಿಗೆ ಕಚ್ಚಿಕೊಂಡಿತು. ಇನ್ನು ಗಿರಾಕಿಗಳು ಮುಖ ಎಲ್ಲಿ ನೋಡಿಕೊಳ್ಳುತ್ತಾರೆ ಎಂದು ಭಾಮೈದ ಕೇಳಿದ್ದಕ್ಕೆ, ಮನೆಗೆ ಹೋಗಿ ನೋಡಿಕೊಳ್ಳಲಿ ಎಂದ ಸಿಡುಕಣ್ಣ.

ಮುಂದಿನ ಸಲ ಪುಸ್ತಕದಂಗಡಿಯವನು ಬಂದು ಕೂತಾಗ ಸಿಡುಕಣ್ಣ ಎಂದಿನಂತೆ ಬೈಯಲಿಲ್ಲ. ಸೋಪು ಹಚ್ಚಿದ, ಎಡಗೆನ್ನೆಯನ್ನು ನುಣ್ಣಗೆ ಬೋಳಿಸಿದ, ಬಲಗೆನ್ನೆಯ ಸೋಪನ್ನು ಹಾಗೇ ಬಿಟ್ಟು ಕತ್ತಿ ಮಡಿಸಿ ಜೇಬಿಗೆ ಹಾಕಿಕೊಂಡ. ಇದೇನೋ ಇದು, ಇನ್ನರ್ಧ ಯಾರು ಮಾಡುತ್ತಾರೆ ಎಂದು ಅವನು ಕೇಳಿದ. ಸಿಡುಕಣ್ಣ ಅವನ ನೆತ್ತಿಯ ಮೇಲೆ ಅಂಗೈ ಇಟ್ಟು, ತಲೆಯನ್ನು ಮೆತ್ತಗೆ ಕನ್ನಡಿಯ ಕಡೆ ತಿರುಗಿಸಿದ.

“ಮೇಲಿನ ಸಾಲಿಂದ ಶುರು ಮಾಡು,” ಎಂದ. “ಕೊನೇ ಚಿತ್ರದ ತನಕ ಓದು, ಕೆಳಗಿರೋ ಹೆಸರನ್ನೂ ಓದು. ಆಮೇಲೆ ಇನ್ನರ್ಧ.”