ನೀಲಿ ಕಾಗದದ ಕುರಿಮರಿ

ಆ ಗಂಟನ್ನು ನೋಡಿದ ಕೂಡಲೇ ವೈಶಾಲಿ ಗುರುತು ಹಿಡಿದಳು. ನೀಲಿ ಕಾಗದ, ಅದರ ತುಂಬ ಅಚ್ಚೊತ್ತಿದ ಸಣ್ಣ ಸಣ್ಣ ಬಿಳಿ ಕುರಿಗಳು, ಸುತ್ತ ಕರಿ ಉಣ್ಣೆಯ ಹುರಿ, ಹುರಿಯ ನಡುವೆ ಹೂವಿನಂಥ ಗಂಟು. ಅಂಥ ಗಂಟು ಹಾಕುವವರು ಈ ಸೀಮೆಯಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹೋದ ವರ್ಷ ಲೋಕಾಪುರಕ್ಕೆ ಹೋಗಿ, ನಾದಿನಿ ಕಾವೇರಿಯ ಮಗನ ಕೂದಲು ತೆಗೆಸುವ ಜಾವಳದಲ್ಲಿ ತನ್ನ ಕೈಯಾರೆ ಕೊಟ್ಟು ಬಂದಿದ್ದ ಡಬ್ಬಿ ಇವತ್ತು ಜಮಖಂಡಿಯ ತನ್ನದೇ ಪಡಸಾಲೆಯಲ್ಲಿ, ತನ್ನದೇ ಮಗಳ ಹುಟ್ಟುಹಬ್ಬದ ದಿನ, ಮಗಳ ತೊಡೆಯ ಮೇಲೆ ಬಂದು ಕುಳಿತಿತ್ತು.

ತಂದವಳು ಅನಸವ್ವ, ಅತ್ತೆ ಸಾತವ್ವನ ತಂಗಿ. ಬನಹಟ್ಟಿಯಿಂದ ಬೆಳಿಗ್ಗೆಯೇ ಬಂದಿದ್ದಳು. ಆರತಿ ಆಗಿ, ಹೋಳಿಗೆ ಊಟವಾಗಿ, ಉಳಿದ ಮಂದಿಯೆಲ್ಲ ಹೋಗಿಯಾಗಿತ್ತು. ಪುಟ್ಟ ಸಮೃದ್ಧಿ ಬಂದ ಉಡುಗೊರೆಗಳ ನಡುವೆ ಕಾಲು ಚಾಚಿ ಕುಳಿತಿದ್ದಳು. ಗೋಡೆ ಗಡಿಯಾರಗಳು, ಕೊಟ್ಟವರ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಗಳು, ಅವಳ ಅವ್ವನಿಗೂ ಮಿಕ್ಕುವಷ್ಟು ದೊಡ್ಡ ಜಂಪರಿನ ಬಟ್ಟೆ. ಐದು ವರ್ಷದ ಕೂಸಿಗೆ ಗೋಡೆ ಗಡಿಯಾರ! ವೈಶಾಲಿಗೆ ನಗಬೇಕೋ ಅಳಬೇಕೋ ತಿಳಿಯದಾಗಿತ್ತು. ಅಷ್ಟರಲ್ಲಿ ಈ ನೀಲಿ ಡಬ್ಬಿ.

ಇದೇ ಡಬ್ಬಿಯ ಮೇಲೆ ಅವಳು ತನ್ನ ಅಂಗಡಿಯ ಆಸೆಯನ್ನೆಲ್ಲ ಇಟ್ಟಿದ್ದಳು. ಕುರಿ ಸಾಕುವ ಮನೆತನ ಅವರದು. ಕರಿ ಉಣ್ಣೆಯನ್ನು ಕೇಳುವವರಿಲ್ಲ, ಕಂಬಳಿ ಮುದುಕರ ಹೆಗಲಿಗಷ್ಟೇ ಉಳಿದಿದೆ. ಅದೇ ಉಣ್ಣೆಯಿಂದ ವೈಶಾಲಿ ದೊಡ್ಡವರಿಗೆ ಚೀಲ, ಕೂರುವ ಹಾಸು, ದೀಪದ ಮೇಲಿನ ಗವಸು, ಮಕ್ಕಳಿಗೆ ಕುರಿಮರಿ ಗೊಂಬೆ ಮಾಡಿದ್ದಳು. ಒಂದೊಂದು ಮರಿಗೂ ಒಂದೊಂದು ಮುಖ. ಒಂದು ತುಂಟನದು, ಒಂದು ನಿದ್ದೆಗಣ್ಣಿನದು. ಮುಧೋಳ ರಸ್ತೆಯಲ್ಲಿ ಒಂದು ಕೋಣೆ ಹಿಡಿದಳು. ಮೊದಲು ನಮ್ಮ ಮಂದಿ ನೋಡಲಿ, ಒಂದು ಜಾವಳದಲ್ಲಿ ಕಂಡದ್ದು ನಾಲ್ಕು ಊರಿಗೆ ತಾನೇ ಹಬ್ಬುತ್ತದೆ ಎಂದುಕೊಂಡು ಎಲ್ಲಕ್ಕಿಂತ ಚಂದದ ಮರಿಯನ್ನು ಲೋಕಾಪುರಕ್ಕೆ ಒಯ್ದಳು. ಅಲ್ಲಿ ಬಂದ ಉಡುಗೊರೆಗಳ ಆಯೇರಿ ಕೂಗುವವನು ಮೈಕಿನಲ್ಲಿ, "ಜಮಖಂಡಿ ಸಂಜು ವೈಶಾಲಿ ಅವರಿಂದ ಒಂದು ಡಬ್ಬಿ!" ಎಂದು ಕೂಗಿ ಬದಿಗೆ ತಳ್ಳಿದ್ದ.

ಆಮೇಲೆ ಯಾರೂ ಫೋನು ಮಾಡಲಿಲ್ಲ. ಯಾರೂ ಒಂದು ಮಾತು ಕೇಳಲಿಲ್ಲ. ತಡೆಯಲಾರದೆ ಕಾವೇರಿಯನ್ನು ಕೇಳಿದರೆ, "ಭಾಳ ಛಲೋ ಐತಿ ವೈನಿ" ಎಂದು ಅವಳು ಬೇರೆ ಮಾತಿಗೆ ಹೊರಳಿದಳು. ಹಿತ್ತಲ ಗಿಡ ಮದ್ದಲ್ಲ ಎಂದು ವೈಶಾಲಿ ಹಲ್ಲು ಕಚ್ಚಿದಳು. ಅಂಗಡಿಯಲ್ಲೂ ಮರಿಗಳೆಲ್ಲ ನೀಲಿ ಕಾಗದ ಸುತ್ತಿಕೊಂಡೇ ಕುಳಿತಿದ್ದವು. ಬಂದವರು ಗಡಿಯಾರ ಕೇಳಿದರು, ಸ್ಟೀಲ್ ಕೇಳಿದರು, ಹೆಸರು ಕೊರೆದು ಕೊಡುತ್ತೀರೇನು ಎಂದರು. ಗಂಡ ಸಂಜು ವರ್ಷಪೂರ್ತಿ ಸುಮ್ಮನಿದ್ದು, ಕೊನೆಗೆ ಮೊಬೈಲ್ ಕವರ್ ಮಾರುವವನಿಗೆ ಕೋಣೆ ಬಿಟ್ಟುಕೊಡುವ ಮಾತು ಕೊಟ್ಟಿದ್ದ. ನಾಳೆ ಕೀಲಿ ಕೊಡಬೇಕು. ಅಂಗಡಿಯ ಮರಿಗಳೆಲ್ಲ ನಿನ್ನೆಯೇ ರಟ್ಟಿನ ಪೆಟ್ಟಿಗೆಗಳಲ್ಲಿ ಅಂಗಳಕ್ಕೆ ಬಂದು ಬಿದ್ದಿದ್ದವು.

"ಸಣ್ಣತ್ತಿ, ಇದು ನಿಮಗ ಎಲ್ಲಿ ಸಿಕ್ತ್ರಿ?" ಎಂದು ವೈಶಾಲಿ ಕೇಳಿದಳು.

"ಎಲ್ಲಿ ಸಿಗೂದವಾ? ಪ್ಯಾಟ್ಯಾಗ ಕೊಂಡೇನಿ," ಎಂದಳು ಅನಸವ್ವ, ಮುಖ ಅತ್ತ ತಿರುಗಿಸಿ.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಸಾತವ್ವ ಫಕ್ಕನೆ ನಕ್ಕಳು. "ಸುಳ್ಳ ಯಾಕ ಹೇಳ್ತಿಬೇ ಅನಸೀ? ಕಾವೇರಿ ಅದನ್ನ ಗಲಗಲಿ ಊರಾಗ ತೊಟ್ಟಲ ಕಾರ್ಯಕ್ಕ ಕೊಟ್ಲು. ಅವರು ಹಿಪ್ಪರಗಿಗೆ ಕೊಟ್ರು. ಹಿಪ್ಪರಗಿಯವರು ನಿನ್ನ ಮೊಮ್ಮಗನ ಜಾವಳಕ್ಕ ತಂದ್ರು. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ನಮ್ಮ ಮನಿಗೂ ಬಂತು."

"ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಗೊತ್ತಿಲ್ದ ಏನು? ನಾನೇ ಹೇಳಿದ್ದೆ ಕಾವೇರಿಗೆ, ಬಿಚ್ಚಬ್ಯಾಡ, ಇಷ್ಟ ಚಂದ ಸುತ್ತಿದ್ದು ಇನ್ನೊಂದ ಕಾರ್ಯಕ್ಕ ಆಗ್ತೈತಿ ಅಂತ. ನೀ ಸುತ್ತಿದ್ದು ಅಂದ್ರ ಸುಮ್ನ ಏನು!"

ಅದು ಹೊಗಳಿಕೆ. ಸಾತವ್ವ ಮನಸಾರೆ ಆಡಿದ ಹೊಗಳಿಕೆ. ವೈಶಾಲಿಗೆ ಮೈಯೆಲ್ಲ ಉರಿದುಹೋಯಿತು. "ಒಬ್ಬರೂ ಬಿಚ್ಚಲಿಲ್ಲೇನ್ರಿ? ವರ್ಷಪೂರ್ತಿ, ಒಬ್ಬರೂ?"

"ಹ್ಯಾಂಗ ಬಿಚ್ಚೂದವಾ?" ಎಂದಳು ಅನಸವ್ವ, ಈಗ ಸುಳ್ಳಿನ ಹಂಗು ಬಿಟ್ಟು. "ಹರದ್ರ ಪಾಪ ಬರೂವಂಗಿತ್ತು. ನಾ ಟ್ರಂಕಿನ್ಯಾಗ ಸೀರಿ ನಡುವ ಇಟ್ಟಿದ್ದೆ."

ಸಮೃದ್ಧಿ ಹುರಿಗೆ ಕೈ ಹಾಕಿದ್ದಳು. ಸಾತವ್ವ ಎಲೆಯನ್ನು ಬಿಟ್ಟು ಧಾವಿಸಿದಳು. "ಬ್ಯಾಡ ಕೂಸ, ಬ್ಯಾಡ! ಮುಂದಿನ ತಿಂಗಳ ಮುಧೋಳದಾಗ ಕಾರ್ಯ ಐತಿ..."

ವೈಶಾಲಿ ಮಗಳ ಕೈಯಿಂದ ಡಬ್ಬಿ ಕಸಿದು ಹುರಿಯನ್ನು ಒಂದೇ ಏಟಿಗೆ ಜಗ್ಗಿದಳು. ಕಾಗದವನ್ನು ಹರಿಯುವಷ್ಟರಲ್ಲಿ ಸಾತವ್ವ ಅದನ್ನು ಹುಷಾರಾಗಿ ಬಿಡಿಸಿಕೊಂಡಳು. ಮುಚ್ಚಳ ತೆಗೆದರೆ ಬೂದಿಯಂಥ ಪುಡಿ ಉದುರಿತು. ಮರಿಯ ಬೆನ್ನು ಅಲ್ಲಲ್ಲಿ ಬೋಳಾಗಿತ್ತು, ಒಂದು ಕಿವಿ ಇರಲೇ ಇಲ್ಲ. ನುಸಿ ತಿಂದಿತ್ತು. ನಿದ್ದೆಗಣ್ಣಿನ ಮುಖ ಮಾತ್ರ ಅವಳು ಹೊಲಿದಂತೆಯೇ ಇತ್ತು.

"ಅವ್ವಾ, ಇದರ ಕಿವಿ ಎಲ್ಲೈತಿ?" ಎಂದು ಸಮೃದ್ಧಿ ಕೇಳಿದಳು, ಮರಿಯನ್ನು ಎದೆಗೆ ಒತ್ತಿಕೊಂಡು.

ಸಾತವ್ವ ಮರಿಯ ಬೆನ್ನು ಮುಟ್ಟಿ ನೋಡಿದಳು. ಹುಟ್ಟಿದಾಗಿನಿಂದ ಉಣ್ಣೆ ಮುಟ್ಟಿದ ಕೈ. ಮುಖ ಸಪ್ಪಗಾಯಿತು. "ಒಳಗ ಉಣ್ಣಿ ಐತಿ ಅಂತ ಒಂದ ಮಾತ ಹೇಳಬಾರದೇನ ವೈಶಾಲಿ? ಉಣ್ಣಿ ಅಂದ್ರ ಬಿಸಲ ಕಾಣಬೇಕು. ಕಂಬಳಿ ಕೊಡವಿ ಒಣಗಸತೀವಲ್ಲ?"

"ಹೇಳಿ ಕೊಟ್ರ ಉಡುಗೊರಿ ಹ್ಯಾಂಗ ಆಕ್ಕೈತ್ರಿ!" ವೈಶಾಲಿ ಚೀರಿದಳು. ಅತ್ತೆಯೆದುರು ಹಾಗೆ ದನಿ ಎತ್ತಿದ್ದು ಅವಳಿಗೇ ನಂಬಲಾಗಲಿಲ್ಲ. "ನಾ ಒಂದ ವರ್ಷ ಏನ ತಿಳ್ಕೊಂಡಿದ್ದೆ ಗೊತ್ತೈತೇನ್ರಿ? ನಿಮಗ್ಯಾರಿಗೂ ಸೇರಲಿಲ್ಲ ಅಂತ! ಸೇರಲಿಲ್ಲ ಅಂದಿದ್ರೂ ನಡೀತಿತ್ತು. ನೋಡೇ ಇಲ್ಲಲ್ಲರೀ ಯಾರೂ!"

ವೈಶಾಲಿಗೆ ಅಂಗಳದ ಪೆಟ್ಟಿಗೆಗಳ ನೆನಪಾಯಿತು. ಹೊರಗೆ ಓಡಿ ಮರಿಗಳನ್ನೆಲ್ಲ ತೆಗೆದು, ತಾನೇ ಅಷ್ಟು ಅಂದವಾಗಿ ಸುತ್ತಿದ್ದ ನೀಲಿ ಕಾಗದಗಳನ್ನು ತಾನೇ ಪರಪರ ಹರಿದಳು. ಪುಣ್ಯಕ್ಕೆ ಇವಕ್ಕೆ ನುಸಿ ಹತ್ತಿರಲಿಲ್ಲ. ಬೇಲಿಯ ಮೇಲಿನ ಕಂಬಳಿಯನ್ನು ಹಾಸಿ, ಇಳಿಬಿಸಿಲಿಗೆ ಎಲ್ಲವನ್ನೂ ಅದರ ಮೇಲೆ ಸಾಲಾಗಿ ನಿಲ್ಲಿಸಿದಳು.

ಗಾಡಿ ನಿಲ್ಲಿಸಿ ಒಳಗೆ ಬಂದ ಸಂಜು ಗಾಬರಿಯಾದ. "ಕಟ್ಟಿದ್ದನ್ನ ಯಾಕ ಬಿಚ್ಚಾಕತ್ತಿ? ನಾಳೆ ಕೀಲಿ ಕೊಡೂದೈತಿ."

"ಎರಡ ದಿವಸ ತಡಿ ಅನ್ರಿ ಅವನಿಗೆ."

"ಮಾತ ಕೊಟ್ಟೇನಲ್ಲ. ಯಾಕ ತಡೀಬೇಕು?"

"ಇನ್ನೂ ಯಾರೂ ನೋಡಿಲ್ರೀ," ಎಂದಳು ವೈಶಾಲಿ. ಸಂಜು ಜೇಬಿನಿಂದ ಫೋನು ತೆಗೆದು ಕೈಯಲ್ಲಿ ಹಿಡಿದು ಹಾಗೆಯೇ ನಿಂತ.

ಅನಸವ್ವ ಬಸ್ಸಿಗೆ ಹೊರಟು ಅಂಗಳಕ್ಕೆ ಬಂದವಳು ನಿಂತುಬಿಟ್ಟಳು. ಬಗ್ಗಿ ತುಂಟ ಮುಖದ ಮರಿಯೊಂದನ್ನು ಎತ್ತಿದಳು. "ಅಯ್ಯ ಶಿವನ! ಇದರ ಮಾರಿ ನೋಡಬೇ ಅಕ್ಕಾ, ನಮ್ಮ ಹಿಂಡಿನ್ಯಾಗಿಂದ ತಪ್ಪಿಸಿಕೊಂಡ ಬಂದಂಗ ಐತಿ. ಇಷ್ಟ ದಿವಸ ಇವನ್ನ ಎಲ್ಲಿ ಮುಚ್ಚಿ ಇಟ್ಟಿದ್ದಿ ತಂಗಿ?"

ವೈಶಾಲಿ ಕೈಯಲ್ಲಿದ್ದ ಹರಿದ ನೀಲಿ ಕಾಗದವನ್ನು ಮುದ್ದೆ ಮಾಡಿದಳು.

"ನನ್ನ ಮೊಮ್ಮಗನಿಗೆ ಒಂದು ಕೊಡು. ಪುಗಸಟ್ಟೆ ಬ್ಯಾಡ, ರೊಕ್ಕಾ ಕೊಡ್ತೇನಿ. ಆದ್ರ ಚಂದಂಗ ಸುತ್ತಿ ಕೊಡವಾ, ಆ ನೀಲಿ ಹಾಳ್ಯಾಗ."

"ಸುತ್ತಂಗಿಲ್ರಿ ಸಣ್ಣತ್ತಿ."

"ಹಂಗ ಒಯ್ದ್ರ ಬರಿಗೈಲೆ ಹ್ವಾದಂಗ ಆಕ್ಕೈತಲ್ಲ!"

ಹೊಸ್ತಿಲ ಮೇಲೆ ಸಾತವ್ವ ಕುಳಿತಿದ್ದಳು. ಬಿಡಿಸಿದ ನೀಲಿ ಕಾಗದವನ್ನು ತೊಡೆಯ ಮೇಲೆ ಹರವಿ, ಅಂಗೈಯಿಂದ ಒಂದೊಂದೇ ಸುಕ್ಕು ತೀಡಿ, ನಾಲ್ಕು ಮಡಿಕೆ ಮಾಡಿ ಸೊಸೆಯ ಕಡೆಗೆ ಚಾಚಿದಳು. ವೈಶಾಲಿ ಕೈ ಮುಂದೆ ಮಾಡಲಿಲ್ಲ. ಅನಸವ್ವ ಅವಳನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿ, ಮರಿಯನ್ನು ಸೆರಗಿನೊಳಗೆ ಸುತ್ತಿಕೊಳ್ಳಹೋದಳು. ಮತ್ತೆ ಏನನ್ನಿಸಿತೋ, ಸೆರಗು ಬಿಡಿಸಿ, ಮರಿಯನ್ನು ಕೂಸಿನಂತೆ ಕಂಕುಳಲ್ಲಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.