ನೀರಿಳಿದ ಕಲ್ಲು

ದೇವರು ತನ್ನ ಸೃಷ್ಟಿಯಲ್ಲಿ ಕೆಲವಕ್ಕೆ ಹೆಸರಿಡದೆ ಬಿಟ್ಟಿರುತ್ತಾನೆ, ಅವನಿಗೆ ಅವಸರವಿಲ್ಲ. ಮುಚ್ಚಿಹೋದ ಯುರೇನಿಯಂ ಗಣಿಯೊಂದರ ಸುರಂಗದಲ್ಲಿ, ಜಿನುಗುವ ಗೋಡೆಗೆ ಅಂಟಿಕೊಂಡಿದ್ದ ಹಳದಿ ಹರಳುಗಳೂ ಹಾಗೆ ಉಳಿದಿದ್ದವು. ಯುರೇನಿಯಂ, ರಂಜಕ, ನೀರು ಕೂಡಿ ಆದವು. ಮೀನಿನ ಹುರುಪೆಯಷ್ಟು ತೆಳು. ನೇರಳಾತೀತ ದೀಪ ಹಿಡಿದರೆ ಎಳೆಹುಲ್ಲಿನ ಹಸಿರು. ಲೋಕದಲ್ಲಿ ಬೇರೆಲ್ಲೂ ಕಂಡಿರಲಿಲ್ಲ.

ಕಂಡವರು ಭೂವಿಜ್ಞಾನ ಇಲಾಖೆಯ ಹಿರಿಯ ಸಾಹೇಬರು. ಕಣ್ಣುಮುಚ್ಚುವುದರೊಳಗೆ ಒಂದು ಕಲ್ಲಿಗಾದರೂ ತಮ್ಮ ಹೆಸರು ಬರಬೇಕೆಂಬುದೊಂದೇ ಅವರ ಆಸೆ. ಆದರೆ ಆ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ: ಕಂಡವನು ತನ್ನ ಹೆಸರನ್ನು ತಾನೇ ಇಡುವಂತಿಲ್ಲ, ಇನ್ನೊಬ್ಬರು ಪರೀಕ್ಷಿಸಿ ಇಡಬೇಕು. ಪುಣ್ಯಕ್ಕೆ ಪ್ರಯೋಗಾಲಯದಲ್ಲಿ ಹೆಂಡತಿಯ ತಮ್ಮನಿದ್ದ.

"ಯಾವ ಹೆಸರು ಅಂತ ನೀನೇ ಯೋಚನೆ ಮಾಡಪ್ಪ. ನಾನೇನೂ ಹೇಳಲ್ಲ" ಎಂದರು ಸಾಹೇಬರು.

"ಅಕ್ಕನ ಹೆಸರಿಡ್ಲಾ ಭಾವ?"

ಸಾಹೇಬರು ಮುಖ ಊದಿಸಿಕೊಂಡರು.

"ತಮಾಷೆಗಂದೆ! ನಿಮ್ಮದೇ ಇಡ್ತೀನಿ. ಯಂತ್ರ ರಿಪೇರಿಗೆ ಹೋಗಿದೆ, ಬಂದಮೇಲೆ ಪರೀಕ್ಷೆ. ಅಲ್ಲಿವರೆಗೂ ಕಲ್ಲನ್ನ ಒದ್ದೆ ಹತ್ತೀಲಿ ಸುತ್ತಿ ಡಬ್ಬೀಲಿಡಿ."

ಡಬ್ಬಿಯಲ್ಲಿಟ್ಟರೆ ನೋಡುವವರು ಯಾರು? ಸಾಹೇಬರು ಅದನ್ನು ಕಚೇರಿಯ ಗಾಜಿನ ಬೀರುವಿನಲ್ಲಿಟ್ಟು, ಮೇಲೊಂದು ದೊಡ್ಡ ಬಲ್ಬು ಉರಿಸಿದರು. ಬಂದವರೆಲ್ಲ ಕೈಮುಗಿಯುವುದೊಂದು ಬಾಕಿ.

ಯಂತ್ರ ಬಂತು. ಹೆಂಡತಿಯ ತಮ್ಮ ಕಲ್ಲನ್ನು ಒಯ್ದು ಪರೀಕ್ಷಿಸಿ, ಬಾಡಿದ ಮುಖದಲ್ಲಿ ಹಿಂತಿರುಗಿದ.

"ಭಾವ, ನೀರೆಲ್ಲ ಇಳಿದುಹೋಗಿದೆ."

"ಒಣಗಿದರೇನು, ಕಲ್ಲು ಕಲ್ಲೇ ಅಲ್ವೇನೋ?"

"ಅಲ್ಲ. ನೀರು ಹೋದ್ರೆ ಒಳಗಿನ ಕಟ್ಟೇ ಬೇರೆ ಆಗತ್ತೆ. ಈಗಿದು ಎಲ್ಲ ಯುರೇನಿಯಂ ಗಣೀಲೂ ಸಿಗೋ ಮಾಮೂಲಿ ಕಲ್ಲು. ಅದಕ್ಕೆ ಯಾವಾಗಲೋ ಹೆಸರಿಟ್ಟಾಗಿದೆ."

"ನೀರು ಚಿಮುಕಿಸಿದರೆ?"

"ಸುಟ್ಟ ಇಟ್ಟಿಗೆಗೆ ನೀರು ಹುಯ್ದರೆ ಹಸಿಮಣ್ಣಾಗತ್ತಾ? ಹೋಗ್ಲಿ ಬಿಡಿ, ಗೋಡೇಲಿ ಇನ್ನೊಂದು ಚೂರು ಇರತ್ತಲ್ಲ."

ಸಾಹೇಬರು ನೆಲ ನೋಡಿದರು. "ಬೇರೆಯವರ ಕೈಗೆ ಸಿಗಬಾರದು ಅಂತ... ಪೂರ್ತಿ ಕೆರೆದು ತಂದುಬಿಟ್ಟೆ ಕಣೋ."

ಬಾಗಿಲಾಚೆ ಹಾದುಹೋಗುತ್ತಿದ್ದ ಜವಾನನ ಕಿವಿಗೆ ಬಿದ್ದದ್ದು 'ನೀರೆಲ್ಲ ಇಳಿದುಹೋಗಿದೆ' ಎಂಬ ಮೊದಲ ಮಾತೊಂದೇ. ಚಹಾದ ಹೊತ್ತಿಗೆ ಸಾಹೇಬರ ನೀರಿಳಿದ ಸುದ್ದಿ ಮಹಡಿ ಮಹಡಿಗೂ ಮುಟ್ಟಿತ್ತು. ಯಾರ ನೀರು, ಯಾಕೆ ಇಳಿಯಿತು ಎಂದು ಯಾರೂ ಕೇಳಲಿಲ್ಲ. ಇಂಥ ಸುದ್ದಿಗೆ ವಿವರ ಬೇಕಾಗುವುದಿಲ್ಲ.

ಸಂಜೆ ಸಾಹೇಬರು ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು:

"ರೀ, ಯಾರೋ ಫೋನ್ ಮಾಡಿದ್ರು. ನೀರಿಳಿದ ಸಾಹೇಬರ ಮನೇನಾ ಅಂದ್ರು."

"ನೀನೇನಂದೆ?"

"ಹೌದು, ಇನ್ನೂ ಬಂದಿಲ್ಲ ಅಂದೆ."