ಸಿಪ್ಪೆ ಇರೋ ಹಣ್ಣು

ಹೋಗದಿದ್ದರೆ ಕೀರ್ತಿರಾಜ ಏನೆಂದುಕೊಳ್ಳುತ್ತಾನೆ? ಹೋದರೆ, ಈ ಬಾಯಿ ಇಟ್ಟುಕೊಂಡು ಅವನ ಮನೆಯಲ್ಲಿ ಉಣ್ಣುವುದು ಹೇಗೆ? ದಂಡಿಗನಹಳ್ಳಿಯಲ್ಲಿ ಬಸ್ಸಿಳಿದ ಮೇಲೂ ಕೇದಾರನಿಗೆ ತೀರ್ಮಾನವಾಗಿರಲಿಲ್ಲ.

ಎಂಟು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ, ಕ್ಯಾಪ್ ಹಾಕಿಸಿ, ಮರೆತೇಬಿಟ್ಟಿದ್ದ ಹಲ್ಲು. ನೋವೇನೂ ಇಲ್ಲ. ಒಸಡಿನ ಮೇಲೊಂದು ಗುಳ್ಳೆ ಎದ್ದು ಕೀವು ಜಿನುಗುತ್ತಿತ್ತು, ಬಾಯಿ ನಾರುತ್ತಿತ್ತು. ಲವಂಗ ಅಗಿದರೂ ಹೋಗದ ನಾತ. ಹಾಗಾಗಿ ಒಂದು ತಿಂಗಳಿಂದ ಅವನು ಹಾಸನದಿಂದ ಚನ್ನರಾಯಪಟ್ಟಣದ ಕಾಲೇಜಿಗೆ ಪಾಠ ಮಾಡಲು ಹೋಗುವ ಬಸ್ಸಿನಲ್ಲಿ ಕೀರ್ತಿರಾಜನ ಪಕ್ಕದ ಸೀಟು ಬಿಟ್ಟು ಬಾಗಿಲ ಬಳಿ ನಿಲ್ಲುತ್ತಿದ್ದ. ಊಟದ ಡಬ್ಬಿಯನ್ನೂ ಒಬ್ಬನೇ ಬಿಚ್ಚುತ್ತಿದ್ದ. ಹೊಳೆನರಸೀಪುರದ ಅರ್ಚಕರ ಮೊಮ್ಮಗ ಕೇದಾರನೂ ದಂಡಿಗನಹಳ್ಳಿಯ ಊರಾಚೆಯ ಕೇರಿಯಲ್ಲಿ ಬೆಳೆದ ಕೀರ್ತಿರಾಜನೂ ಐದು ವರ್ಷ ಆ ಡಬ್ಬಿ ಹಂಚಿಕೊಂಡು ಉಂಡವರು. ಕೇದಾರ ಅವನ ಮನೆಗೆ ಬಂದದ್ದು ಮಾತ್ರ ಇದೇ ಮೊದಲು, ಅವನು ಊರಲ್ಲಿ ಕಟ್ಟಿಸಿದ ಹೊಸ ಮನೆಯ ಊಟಕ್ಕೆ.

"ನಿಂಗೇಂತ ಬ್ಯಾರೆ ಪಾತ್ರೇಲಿ ಅವರೆಕಾಳು ಸಾರು ಮಾಡಿವ್ನಿ, ಕೂತ್ಕಳಪ್ಪಾ," ಎಂದರು ಕೀರ್ತಿರಾಜನ ತಾಯಿ ಬೆಟ್ಟಮ್ಮ.

ಎಲೆಯ ಮುಂದೆ ಕೂತದ್ದೇ ತಡ, ಗುಳ್ಳೆ ಒಡೆಯಿತು. ನಾಲಿಗೆಯ ತುಂಬ ಉಪ್ಪುಪ್ಪಾದ ಕೊಳೆತ ರುಚಿ. ಬೆಟ್ಟಮ್ಮ ಬಡಿಸಲು ಬಾಗಿದಾಗ ಅವನ ಕೈ ತಾನಾಗಿ ಕರ್ಚೀಫನ್ನು ಬಾಯಿಗೂ ಮೂಗಿಗೂ ಅಡ್ಡ ಹಿಡಿಯಿತು. ಆಕೆಯ ಸೌಟು ಅಲ್ಲೇ ನಿಂತಿತು.

"ಇವತ್ತು... ಉಪವಾಸ," ಎಂದ.

"ಯಾವ ದೇವ್ರಿಗೋ?" ಕೀರ್ತಿರಾಜ ನಕ್ಕ. "ನಿನ್ನೆ ಕ್ಯಾಂಟೀನಲ್ಲಿ ವಡೆ ಇಳಿಸ್ದಾಗ ಆ ದೇವ್ರು ರಜದಲ್ಲಿದ್ನಾ?"

ಕೇದಾರ ನಗಲಿಲ್ಲ. ನಕ್ಕರೆ ಬಾಯಿ ತೆರೆಯಬೇಕಿತ್ತು.

"ಸುಮ್ಕಿರ್ಲಾ," ಬೆಟ್ಟಮ್ಮ ಸೌಟನ್ನು ಪಾತ್ರೆಗೆ ಇಳಿಸಿದರು. "ಬಲವಂತ ಮಾಡ್ಬ್ಯಾಡ. ಬಾಳೆಹಣ್ಣು ತಿನ್ಲಿ. ಅದ್ಕೆ ಸಿಪ್ಪೆ ಇರ್ತದೆ, ನಮ್ ಕೈ ತಾಕಾಕಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಕೀರ್ತಿರಾಜನ ನಗು ಆರಿತು. 'ಹಲ್ಲು ಕಣಮ್ಮ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಿ ನಾರುವವನು ಅನ್ನಿಸಿಕೊಳ್ಳುವುದಕ್ಕಿಂತ ಜಾತಿ ನೋಡುವವನು ಅನ್ನಿಸಿಕೊಳ್ಳುವುದೇ ಆ ಕ್ಷಣಕ್ಕೆ ಅವನಿಗೆ ಹಗುರವಾಗಿ ಕಂಡಿತು. ಹಣ್ಣು ಸುಲಿದು, ಅಗಿಯದೆ ನುಂಗಿದ.

ಮರುದಿನವೇ ಹಾಸನದ ಡಾಕ್ಟರಲ್ಲಿಗೆ ಹೋದ. ಅವರು ಎಕ್ಸ್‌ರೇ ನೋಡಿದರು. "ಬೇರು ಸೀಳಿದೆ, ತುದೀಲಿ ಕೀವು ಕಟ್ಟಿದೆ. ಕೀಳಲೇಬೇಕು. ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ನೋವಿರಲಿಲ್ಲ," ಎಂದ ಕೇದಾರ.

ಹಲ್ಲು ಹೋಯಿತು, ನಾತವೂ ಹೋಯಿತು. ಮುಂದಿನ ಸೋಮವಾರ ಬಸ್ಸಿನಲ್ಲಿ ಸೀದಾ ಕೀರ್ತಿರಾಜನ ಪಕ್ಕಕ್ಕೇ ಬಂದ. ಕೀರ್ತಿರಾಜ ಕಿಟಕಿಗೆ ಒತ್ತಿಕೊಂಡು ಸರಿದು, ಬ್ಯಾಗನ್ನು ಇಬ್ಬರ ನಡುವೆ ಇಟ್ಟ.

"ಕೂತ್ಕೊಳಿ ಸಾರ್."

ಐದು ವರ್ಷ 'ಲೋ ಕೇದಾರ' ಎಂದು ಕೂಗಿದವನು.

ಶಾಂತಿಗ್ರಾಮ ದಾಟಿತು. ಕೇದಾರ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ. ಹಲ್ಲೊಂದೇ ಕಾರಣವಾ ಎಂದು ಅವನು ಕೇಳಿದರೆ? ಇಷ್ಟು ವರ್ಷದಲ್ಲಿ ಅವನನ್ನು ತನ್ನ ಮನೆಗೆ ಒಮ್ಮೆಯೂ ಊಟಕ್ಕೆ ಕರೆದಿಲ್ಲವೆಂಬುದು ಆಗ ನೆನಪಾಯಿತು.

ಚನ್ನರಾಯಪಟ್ಟಣ ಬಂತು. ಇಬ್ಬರೂ ಇಳಿದರು. ಅಂದು ತನ್ನ ಬಾಯಿ ನಾರುತ್ತಿತ್ತು ಎಂದು ಕೇದಾರ ಕೀರ್ತಿರಾಜನಿಗೆ ಕೊನೆಗೂ ಹೇಳಲಿಲ್ಲ.